ಕೋಳಿಯ ಬೇನೆಯಲ್ಲಿ ಅನ್ನದ ಗುಟ್ಟನ್ನು ಕಂಡ ಡಾಕ್ಟರ್ ಐಕ್ಮನ್

ಕೇರಳದಲ್ಲಿ ನೆಲಸಿರುವ ನಮ್ಮವರಿಗೆ ಕೋಳಿ, ಬಾತುಕೋಳಿಗಳ ಬೇನೆಯ ವಾರ್ತೆಯು ಹೊಸತೇನಲ್ಲ. ೨೦೧೪ರಲ್ಲಿಯೂ, ೨೦೧೬ರಲ್ಲಿಯೂ, ಮತ್ತೆ ೨೦೨೧ರ ಆರಂಭದಲ್ಲಿಯೂ ಕುಟ್ಟನಾಡಿನ ನೀರುನೆಲಗಳಲ್ಲಿ ಹಕ್ಕಿಜ್ವರವು ಹಬ್ಬಿತು. ಅಲ್ಲಿಯ ರೈತರು ತಾವೇ ಸಾಕಿದ ಬಾತುಗಳು ಸಾವಿರಗಟ್ಟಲೆ ನಾಶವಾಗುವುದನ್ನು ಕಣ್ಣಾರೆ ನೋಡಬೇಕಾಯಿತು. ೨೦೨೩ರ ಜನವರಿಯಲ್ಲಿ ತಿರುವನಂತಪುರ ಜಿಲ್ಲೆಯ ಅಳೂರಿನಲ್ಲಿಯೂ ಅದೇ ಬೇನೆಯು ಕಾಣಿಸಿಕೊಂಡಿತು. ಇಂತಹ ಸಮಯದಲ್ಲಿ ಊರಿನಲ್ಲಿ ನೂರು ಮಾತು ಹುಟ್ಟುವುದು ಸಹಜ. ನೀರು ಕೆಟ್ಟಿತೆಂದು ಒಬ್ಬನು, ಮೇವು ಕೆಟ್ಟಿತೆಂದು ಇನ್ನೊಬ್ಬನು, ನೆರೆಯವನ ಹಿಂಡಿನಿಂದ ಬಂದಿತೆಂದು ಮತ್ತೊಬ್ಬನು ಹೇಳುವನು. ಆದರೆ ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿರುವ ರಾಜ್ಯ ಪಶುರೋಗ ಸಂಸ್ಥೆಯಂತಹ ಕಡೆಗಳಲ್ಲಿ ಸತ್ತ ಹಕ್ಕಿಯನ್ನು ಕೊಯ್ದು ಪರೀಕ್ಷಿಸುವರು. ಹಕ್ಕಿಜ್ವರದ ಶಂಕೆಯಿದ್ದರೆ ಮಾದರಿಗಳನ್ನು ಭೋಪಾಲದ ಪ್ರಯೋಗಶಾಲೆಗೆ ಕಳುಹಿಸಿ, ಅಲ್ಲಿಂದ ಉತ್ತರ ಬಂದ ಬಳಿಕವೇ ಕಾರಣವನ್ನು ನಿಶ್ಚಯಿಸುವರು.

ಕೋಳಿ ಸಾಕಿ ಜೀವಿಸುವವನಿಗೆ ಆ ನಾಲ್ಕಾರು ದಿನಗಳು ನಾಲ್ಕಾರು ವರ್ಷಗಳಂತೆ ತೋರುವುವು. ಆದರೂ ಕಾರಣವನ್ನು ಕಾಣುವ ಮೊದಲೇ ತೀರ್ಪು ಕೊಟ್ಟರೆ ಆಗುವ ನಷ್ಟವು ಅದಕ್ಕಿಂತಲೂ ದೊಡ್ಡದು. ಈ ಮಾತಿಗೆ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯನ ಚರಿತ್ರೆಗಿಂತ ಮಿಗಿಲಾದ ನಿದರ್ಶನವು ದೊರೆಯಲಾರದು. ನಮ್ಮವರ ಹೋಟೆಲುಗಳು ಬಹುಮಟ್ಟಿಗೆ ಸಸ್ಯಾಹಾರದವು. ಕೋಳಿಯ ಬೇನೆಯ ಕಥೆಯಿಂದ ನಮಗೇನು ಪ್ರಯೋಜನವೆಂದು ಕೇಳುವ ವಾಚಕರೂ ಇರಬಹುದು. ಆದರೆ ಆ ಬೇನೆಯ ಬೇರು ಇದ್ದುದು ನಾವು ನಿತ್ಯವೂ ಬೇಯಿಸಿ ಬಡಿಸುವ ಅನ್ನದಲ್ಲಿ. ಅದನ್ನು ಹೊರಗೆಡಹಿದ ಸುಳಿವು ದೊರೆತುದು ಒಂದು ಅಡಿಗೆಮನೆಯಲ್ಲಿ. ಆದುದರಿಂದ ಈ ಚರಿತ್ರೆಯನ್ನು ಓದುವ ಅಧಿಕಾರವು ಎಲ್ಲರಿಗಿಂತ ಮೊದಲು ನಮಗೇ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ.

ಕೊಚ್ಚಿ ಮತ್ತು ಬಟೇವಿಯ

ಕೊಚ್ಚಿಯಲ್ಲಿರುವ ವಾಚಕರಿಗೆ ಡಚ್ಚರ ಹೆಸರು ಅಪರಿಚಿತವಲ್ಲ. ೧೬೬೩ರಲ್ಲಿ ಪೋರ್ತುಗೀಜರಿಂದ ಕೊಚ್ಚಿಯ ಕೋಟೆಯನ್ನು ಗೆದ್ದುಕೊಂಡ ಡಚ್ ವ್ಯಾಪಾರಿ ಕಂಪೆನಿಯು ೧೭೯೫ರವರೆಗೆ ಅಲ್ಲಿ ನೆಲೆಯೂರಿದ್ದಿತು. ಬೋಳ್ಗಾಟಿ ದ್ವೀಪದ ಮಾಳಿಗೆಯನ್ನು ೧೭೪೪ರಲ್ಲಿ ಕಟ್ಟಿಸಿದವರು ಅವರೇ. ಪೋರ್ತುಗೀಜರು ಕಟ್ಟಿಸಿದ ಮಟ್ಟಾಂಚೇರಿಯ ಅರಮನೆಗೂ ಅವರು ಮಾಡಿಸಿದ ದುರಸ್ತಿಯಿಂದ ಡಚ್ ಅರಮನೆಯೆಂಬ ಹೆಸರೇ ನಿಂತುಬಿಟ್ಟಿದೆ. ಕೊಚ್ಚಿಯ ಡಚ್ ಅಧಿಕಾರಿಗಳು ಲೆಕ್ಕವೊಪ್ಪಿಸಬೇಕಾಗಿದ್ದುದು ಜಾವಾ ದ್ವೀಪದ ಬಟೇವಿಯ ಪಟ್ಟಣಕ್ಕೆ. ಇಂದು ಜಕಾರ್ತ ಎಂದು ಕರೆಯಲ್ಪಡುವ ಆ ಪಟ್ಟಣವೇ ಕಂಪೆನಿಯ ಪೂರ್ವದೇಶದ ರಾಜಧಾನಿಯಾಗಿದ್ದಿತು. ಕೊಚ್ಚಿಯು ಡಚ್ಚರ ಕೈಬಿಟ್ಟ ಮೇಲೂ ಜಾವಾವು ಒಂದೂವರೆ ಶತಮಾನ ಅವರ ಆಳಿಕೆಯಲ್ಲಿ ಉಳಿಯಿತು. ನಮ್ಮ ಕಥೆಯು ನಡೆಯುವುದು ಅಲ್ಲಿ.

ಆ ನಾಡಿನಲ್ಲಿ ಬೆರಿಬೆರಿ ಎಂಬುದೊಂದು ಭಯಂಕರವಾದ ವ್ಯಾಧಿಯಿದ್ದಿತು. ಬಟೇವಿಯದಲ್ಲಿದ್ದ ಬೋಂಟಿಯಸ್ ಎಂಬ ವೈದ್ಯನು ಹದಿನೇಳನೆಯ ಶತಮಾನದಲ್ಲಿಯೇ ಅದನ್ನು ವರ್ಣಿಸಿದ್ದನು. ಮೊದಲು ಪಾದಗಳು ಜೋಮು ಹಿಡಿಯುವುವು, ಮೀನಖಂಡಗಳು ಭಾರವಾಗುವುವು, ಕುಳಿತವನು ಏಳಲಾರನು, ಎದ್ದವನು ನಡೆಯಲಾರನು. ಕೆಲವರ ಅಂಗಾಂಗಗಳು ಒಣಗಿ ಕಡ್ಡಿಯಾಗುವುವು. ಕೆಲವರ ಮೈ ನೀರು ತುಂಬಿ ಬಾತುಕೊಳ್ಳುವುದು. ಕೊನೆಗೆ ಹೃದಯವು ಸೋತು ಉಸಿರು ಕಟ್ಟಿ ರೋಗಿಯು ಸಾಯುವನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ರೋಗವು ವಿಪರೀತವಾಗಿ ಹೆಚ್ಚಿತು. ಸುಮಾತ್ರದ ಆಚೆ ಪ್ರಾಂತದಲ್ಲಿ ೧೮೭೩ರಿಂದ ಯುದ್ಧ ಮಾಡುತ್ತಿದ್ದ ಡಚ್ ಸೈನ್ಯದಲ್ಲಿ ಶತ್ರುವಿನ ಗುಂಡಿಗಿಂತ ಈ ವ್ಯಾಧಿಯ ಅಂಜಿಕೆಯೇ ಮಿಗಿಲಾಯಿತು. ಸೆರೆಮನೆಗಳು, ಹಡಗುಗಳು, ಸಿಪಾಯಿಗಳ ಲೈನುಗಳು, ಅಂದರೆ ಎಲ್ಲಿ ಅನೇಕರಿಗೆ ಒಂದೇ ಒಲೆಯಲ್ಲಿ ಅಡಿಗೆಯಾಗುತ್ತಿದ್ದಿತೋ, ಅಲ್ಲೆಲ್ಲ ಬೆರಿಬೆರಿಯು ಮನೆ ಮಾಡಿಕೊಂಡಿತು. ಅದೇ ಕಾಲದಲ್ಲಿ ಉಗಿಯಂತ್ರದಿಂದ ನಡೆಯುವ ಅಕ್ಕಿಗಿರಣಿಗಳು ಪೂರ್ವದೇಶಗಳಲ್ಲಿ ಹರಡಿ, ಕೊಟ್ಟಣದ ಅಕ್ಕಿಯ ಬದಲು ಮಲ್ಲಿಗೆಯಂತೆ ಬೆಳ್ಳಗಿರುವ ಅಕ್ಕಿಯು ಎಲ್ಲೆಡೆ ದೊರೆಯತೊಡಗಿದ್ದಿತು. ಈ ಎರಡು ಸಂಗತಿಗಳಿಗೂ ನಂಟಿರಬಹುದೆಂದು ಯೋಚಿಸಿದವರು ತೀರ ವಿರಳ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಐಕ್ಮನ್ನನು ೧೮೫೮ನೆಯ ಇಸವಿ ಆಗಸ್ಟ್ ೧೧ರಂದು ಹಾಲೆಂಡ್ ದೇಶದ ನೈಕೆರ್ಕ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆಯು ಶಾಲೆಯೊಂದರ ಮುಖ್ಯೋಪಾಧ್ಯಾಯ. ಈತನು ಏಳನೆಯ ಮಗು. ತಂದೆಯ ಕೈಕೆಳಗೇ ಮೊದಲ ಪಾಠಗಳಾದುವು. ವೈದ್ಯವಿದ್ಯೆಯನ್ನು ಕಲಿಯಲು ಆತನು ೧೮೭೫ರಲ್ಲಿ ಆಂಸ್ಟರ್‌ಡಾಮಿನ ಸೈನಿಕ ವೈದ್ಯಶಾಲೆಯನ್ನು ಸೇರಿದನು. ಅಲ್ಲಿ ಕಲಿತು ಹೊರಬಂದವನು ಡಚ್ಚರ ಇಂಡೀಸ್ ಸೈನ್ಯದಲ್ಲಿ ನೌಕರಿ ಮಾಡಬೇಕೆಂಬುದು ಕಟ್ಟಳೆ. ದೊಡ್ಡ ಸಂಸಾರದ ಮಗನಾದವನು ಊರು ಬಿಟ್ಟು ದೂರದೇಶದ ನೌಕರಿಗೆ ಹೋಗುವುದೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಯಾಗಿದ್ದಾಗಲೇ ಈತನ ಜಾಣ್ಮೆಯನ್ನು ಕಂಡ ಶರೀರಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ನರಗಳ ವಿದ್ಯುದ್ಗುಣವನ್ನು ಕುರಿತು ಬರೆದ ಪ್ರಬಂಧಕ್ಕೆ ೧೮೮೩ರ ಜುಲೈಯಲ್ಲಿ ಮರ್ಯಾದೆಯೊಡನೆ ಡಾಕ್ಟರ್ ಪದವಿಯು ದೊರೆಯಿತು. ನರಗಳ ವಿಷಯವಾಗಿ ಆಗ ಸಂಪಾದಿಸಿದ ಜ್ಞಾನವು ಮುಂದೆ ಕೋಳಿಯ ಕಾಲಿನ ನರವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವಾಗ ಒದಗಿ ಬಂದಿತು.

ಅದೇ ವರ್ಷ ವಿವಾಹವಾಗಿ ಐಕ್ಮನ್ನನು ಇಂಡೀಸಿಗೆ ಹೊರಟನು. ಜಾವಾದ ಸೆಮಾರಂಗ್, ಚಿಲಾಚಾಪ್‌ಗಳಲ್ಲಿಯೂ ಸುಮಾತ್ರದಲ್ಲಿಯೂ ಸೈನ್ಯದ ವೈದ್ಯನಾಗಿ ದುಡಿದನು. ಆದರೆ ಮಲೇರಿಯವು ಹಿಡಿದು ಮೈಯನ್ನು ಹಣ್ಣುಮಾಡಿದುದರಿಂದ ೧೮೮೫ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಮರಳಬೇಕಾಯಿತು. ೧೮೮೬ರಲ್ಲಿ ಪತ್ನಿಯು ತೀರಿಕೊಂಡಳು. ಇಪ್ಪತ್ತೆಂಟು ತುಂಬುವುದರೊಳಗೆ ಆರೋಗ್ಯವನ್ನೂ ಸಂಸಾರವನ್ನೂ ಕಳೆದುಕೊಂಡ ಆ ಯುವಕನು ಅಧ್ಯಯನದಲ್ಲಿ ಮನಸ್ಸನ್ನು ತೊಡಗಿಸಿದನು. ಕ್ಷಯದ ಕ್ರಿಮಿಯನ್ನು ಕಂಡುಹಿಡಿದು ಜಗದ್ವಿಖ್ಯಾತನಾಗಿದ್ದ ರಾಬರ್ಟ್ ಕಾಕ್‌ನ ಬರ್ಲಿನ್ ಪ್ರಯೋಗಶಾಲೆಯಲ್ಲಿ ಕ್ರಿಮಿಶಾಸ್ತ್ರವನ್ನು ಕಲಿತನು. ಅಲ್ಲಿಯೇ ಪೆಕೆಲ್ಹಾರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ಡಚ್ ವಿದ್ವಾಂಸರ ಪರಿಚಯವಾಯಿತು. ಬೆರಿಬೆರಿಯ ಕಾರಣವನ್ನು ಶೋಧಿಸಲು ಸರಕಾರವು ಆ ಇಬ್ಬರನ್ನು ಜಾವಾಕ್ಕೆ ಕಳುಹಿಸುವುದರಲ್ಲಿದ್ದಿತು. ಐಕ್ಮನ್ನನೂ ಅವರ ಜೊತೆಗೂಡಿದನು. ಒಮ್ಮೆ ತನ್ನನ್ನು ರೋಗಿಯನ್ನಾಗಿ ಮಾಡಿ ಕಳುಹಿಸಿದ ನಾಡಿಗೆ ೧೮೮೬ರಲ್ಲಿ ಆತನು ಮತ್ತೆ ಹಡಗು ಹತ್ತಿದನು.

ಕ್ರಿಮಿಯ ಬೇಟೆ

ಅದು ಕ್ರಿಮಿಶಾಸ್ತ್ರದ ಯೌವನಕಾಲ. ಫ್ರಾನ್ಸಿನ ಪಾಶ್ಚರನು ಕೋಳಿಗಳ ಕಾಲರಾ ಬೇನೆಯ ಕ್ರಿಮಿಯನ್ನು ದುರ್ಬಲಗೊಳಿಸಿ ಅದರಿಂದಲೇ ರಕ್ಷಣೆಯ ಚುಚ್ಚುಮದ್ದನ್ನು ಸಿದ್ಧಪಡಿಸಿ ಇನ್ನೂ ಹತ್ತು ವರ್ಷಗಳಾಗಿರಲಿಲ್ಲ. ಪ್ರತಿಯೊಂದು ರೋಗಕ್ಕೂ ಒಂದು ಕ್ರಿಮಿಯಿರಲೇಬೇಕೆಂಬ ನಂಬಿಕೆಯು ವೈದ್ಯಲೋಕವನ್ನೆಲ್ಲ ವ್ಯಾಪಿಸಿದ್ದಿತು. ಬಟೇವಿಯಕ್ಕೆ ಬಂದ ವಿದ್ವಾಂಸರೂ ರೋಗಿಗಳ ರಕ್ತದಲ್ಲಿ ಕ್ರಿಮಿಯೊಂದನ್ನು ಕಂಡೆವೆಂದು ಭಾವಿಸಿ, ಸಿಪಾಯಿಗಳ ವಸತಿಗಳನ್ನು ಕ್ರಿಮಿನಾಶಕಗಳಿಂದ ಶುದ್ಧಿಪಡಿಸಬೇಕೆಂದು ಸಲಹೆಯಿತ್ತು ೧೮೮೭ರಲ್ಲಿ ಹಿಂದಿರುಗಿದರು. ಸೈನಿಕ ಆಸ್ಪತ್ರೆಯಲ್ಲಿ ತಾತ್ಕಾಲಿಕವಾಗಿ ತೆರೆದಿದ್ದ ಪ್ರಯೋಗಶಾಲೆಯು ಸ್ಥಿರವಾಯಿತು. ೧೮೮೮ರ ಜನವರಿ ೧೫ರಂದು ಐಕ್ಮನ್ನನು ಅದರ ಪ್ರಥಮ ನಿರ್ದೇಶಕನಾದನು. ಅದೇ ವರ್ಷ ಬಟೇವಿಯದಲ್ಲಿ ಪುನರ್ವಿವಾಹವೂ ಆಯಿತು. ಜಾವಾದ ತರುಣರಿಗೆ ವೈದ್ಯವಿದ್ಯೆಯನ್ನು ಕಲಿಸುವ ಶಾಲೆಯ ಮೇಲ್ವಿಚಾರಣೆಯೂ ಆತನ ಹೆಗಲಿಗೆ ಬಿದ್ದಿತು. ಆ ವಿದ್ಯಾರ್ಥಿಗಳಿಗಾಗಿ ಆತನು ಎರಡು ಪಠ್ಯಪುಸ್ತಕಗಳನ್ನು ಬರೆದುಕೊಟ್ಟನು. ಉಷ್ಣದೇಶದಲ್ಲಿ ಯುರೋಪಿಯನನ ಮೈಯೂ ದೇಶೀಯನ ಮೈಯೂ ಬೇರೆ ಬೇರೆ ರೀತಿಯಲ್ಲಿ ನಡೆಯುವುವೆಂಬ ಆಗಿನ ನಂಬಿಕೆಯನ್ನು ರಕ್ತ, ಬೆವರು, ಉಸಿರು, ಶಾಖಗಳನ್ನು ಅಳೆದು ನೋಡಿ ಸುಳ್ಳೆಂದು ತೋರಿಸಿದವನೂ ಆತನೇ.

ಆದರೆ ಆತನ ಮುಖ್ಯ ಕಾರ್ಯವು ಬೆರಿಬೆರಿಯ ಕ್ರಿಮಿಯನ್ನು ಹಿಡಿಯುವುದಾಗಿದ್ದಿತು. ಮೊಲಗಳಿಗೂ ಮಂಗಗಳಿಗೂ ಚುಚ್ಚಿ ನೋಡಿದನು, ಫಲವಾಗಲಿಲ್ಲ. ಬಳಿಕ ಕೋಳಿಗಳನ್ನು ಆರಿಸಿಕೊಂಡನು. ಅವುಗಳ ಬೆಲೆ ಕಡಮೆ, ಸಾಕುವ ಖರ್ಚೂ ಕಡಮೆ. ಈ ಮಿತವ್ಯಯದ ಯೋಚನೆಯೇ ಮುಂದಿನ ದೊಡ್ಡ ಶೋಧಕ್ಕೆ ಬಾಗಿಲಾಯಿತು.

ಅಡಿಗೆಯವನು ಬದಲಾದನು

೧೮೮೯ರ ಜುಲೈ ೧೦ರಂದು ಪ್ರಯೋಗಶಾಲೆಯ ಕೋಳಿಗಳಲ್ಲಿ ವಿಚಿತ್ರವಾದ ಬೇನೆಯೊಂದು ಕಾಣಿಸಿಕೊಂಡಿತು. ಕೋಳಿಯು ಕಾಲುಗಳನ್ನು ಅಗಲಿಸಿ ಓಲಾಡುತ್ತ ನಡೆಯುವುದು. ಗೂಟದ ಮೇಲೆ ಕುಳಿತಿರಲಾರದೆ ಕೆಳಗೆ ಬೀಳುವುದು. ಏಳಲು ಹೆಣಗಿ ಪಕ್ಕಕ್ಕೆ ಮಗುಚುವುದು. ನಿಶ್ಶಕ್ತಿಯು ಕಾಲಿನಿಂದ ಮೇಲಕ್ಕೆ ಏರುತ್ತ ರೆಕ್ಕೆ, ಕುತ್ತಿಗೆಗಳನ್ನು ಹಿಡಿಯುವುದು. ಕಡೆಗೆ ಜುಟ್ಟು ನೀಲಿಗಟ್ಟಿ, ಮೈ ತಣ್ಣಗಾಗಿ, ಉಸಿರು ನಿಲ್ಲುವುದು. ಸತ್ತ ಕೋಳಿಯ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಬೆರಿಬೆರಿ ರೋಗಿಯ ನರಗಳಂತೆಯೇ ಶಿಥಿಲವಾಗಿರುವುದು ಕಂಡುಬಂದಿತು.

ಕ್ರಿಮಿಯು ಸಿಕ್ಕಿತೆಂದೇ ಮೊದಲು ತೋರಿರಬೇಕು. ಆದರೆ ಐಕ್ಮನ್ನನು ಅವಸರಪಡಲಿಲ್ಲ. ರೋಗದ ಅಂಶವನ್ನು ಚುಚ್ಚಿದ ಕೋಳಿಗಳಂತೆಯೇ ಚುಚ್ಚದೆ ಬಿಟ್ಟವುಗಳೂ ಬೇನೆ ಬೀಳುತ್ತಿದ್ದುವು. ಅಂಟುಜಾಡ್ಯವಿರಬಹುದೆಂದು ಆರೋಗ್ಯದಿಂದಿದ್ದವುಗಳನ್ನು ಬೇರೆ ಇಟ್ಟನು, ಅವೂ ಬಿದ್ದುವು. ಕ್ರಿಮಿಗಾಗಿ ಹುಡುಕಿದನು, ಸಿಕ್ಕಲಿಲ್ಲ. ಹೀಗಿರುತ್ತಿರಲು ನವೆಂಬರ್ ತಿಂಗಳ ಕೊನೆಯಲ್ಲಿ ಬೇನೆಯು ಬಂದಂತೆಯೇ ಮಾಯವಾಯಿತು. ಬಿದ್ದಿದ್ದ ಕೋಳಿಗಳು ಎದ್ದುವು. ಹೊಸದಾಗಿ ಒಂದೂ ಬೀಳಲಿಲ್ಲ. ಬೇನೆ ಹೋಯಿತಲ್ಲಾ ಎಂದು ಸಂತೋಷಪಟ್ಟು ಸುಮ್ಮನಾಗಬಹುದಾಗಿದ್ದಿತು. ಐಕ್ಮನ್ನನು ಸುಮ್ಮನಾಗಲಿಲ್ಲ. ಹೋದುದೇಕೆ ಎಂದು ಕೇಳತೊಡಗಿದನು.

ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಆಳನ್ನು ವಿಚಾರಿಸಿದಾಗ ಸಂಗತಿಯು ಹೊರಬಿದ್ದಿತು. ಆ ಆಳು ಖರ್ಚನ್ನು ಉಳಿಸುವುದಕ್ಕಾಗಿ ಸೈನಿಕ ಆಸ್ಪತ್ರೆಯ ಅಡಿಗೆಮನೆಯಿಂದ ಮಿಕ್ಕ ಅನ್ನವನ್ನು ತಂದು ಕೋಳಿಗಳಿಗೆ ಹಾಕುತ್ತಿದ್ದನು. ಅದು ರೋಗಿಗಳಿಗೆಂದು ಬೇಯಿಸಿದ, ನುಣ್ಣಗೆ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನ. ಅಷ್ಟರಲ್ಲಿ ಹಳೆಯ ಅಡಿಗೆಯವನು ಹೋಗಿ ಹೊಸಬನು ಬಂದನು. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲು ಆತನು ಒಪ್ಪಲಿಲ್ಲ. ನಿರ್ವಾಹವಿಲ್ಲದೆ ಆಳು ಕೋಳಿಗಳಿಗೆ ಎಂದಿನ ತವುಡು ತೆಗೆಯದ ಅಗ್ಗದ ಅಕ್ಕಿಯನ್ನೇ ಹಾಕತೊಡಗಿದನು. ದಿನಗಳನ್ನು ಕೂಡಿಸಿ ನೋಡಿದಾಗ ಲೆಕ್ಕವು ಸರಿಹೋಯಿತು. ಆಸ್ಪತ್ರೆಯ ಅನ್ನವನ್ನು ಹಾಕಿದುದು ಜೂನ್ ೧೭ರಿಂದ ನವೆಂಬರ್ ೨೭ರವರೆಗೆ. ಅನ್ನವನ್ನು ಹಾಕತೊಡಗಿದ ಮೂರು ವಾರಗಳಿಗೆ ಬೇನೆಯು ಬಂದಿತು, ನಿಲ್ಲಿಸಿದೊಡನೆ ಹೋಯಿತು.

ಆ ಅಡಿಗೆಯವನ ಹೆಸರನ್ನು ಚರಿತ್ರೆಯು ನಮಗೆ ಉಳಿಸಿಲ್ಲ. ಕಟ್ಟುನಿಟ್ಟಿನ ಮನುಷ್ಯನೆಂಬುದಷ್ಟೇ ಗೊತ್ತು. ಆತನ ಹಟದಲ್ಲಿ ಅಡಗಿದ್ದ ಅರ್ಥವನ್ನು ಗ್ರಹಿಸಲು ಆಳಿನ ಮಾತನ್ನು ಕಿವಿಗೊಟ್ಟು ಕೇಳುವ ಒಬ್ಬ ನಿರ್ದೇಶಕನು ಬೇಕಾಗಿದ್ದನು.

ತವುಡಿನ ಮಹಿಮೆ

ಒಂದು ಆಕಸ್ಮಿಕದಿಂದ ಸಿದ್ಧಾಂತವು ಸ್ಥಿರಪಡುವುದಿಲ್ಲ. ಮುಂದಿನ ಆರು ವರ್ಷ ಐಕ್ಮನ್ನನು ತಾನೇ ಬುದ್ಧಿಪೂರ್ವಕವಾಗಿ ಆ ಆಕಸ್ಮಿಕವನ್ನು ಮತ್ತೆ ಮತ್ತೆ ನಡೆಯಿಸಿ ನೋಡಿದನು. ಒಂದು ಗುಂಪಿಗೆ ಪಾಲಿಶ್ ಅಕ್ಕಿ, ಇನ್ನೊಂದಕ್ಕೆ ತವುಡಿನ ತೆಳುಪೊರೆಯುಳ್ಳ ಅಕ್ಕಿ. ಮೊದಲನೆಯವು ಮೂರು ನಾಲ್ಕು ವಾರಗಳಲ್ಲಿ ಬಿದ್ದುವು, ಎರಡನೆಯವು ನೆಟ್ಟಗಿದ್ದುವು. ಬೇಯಿಸಿದುದರಿಂದ ಅಕ್ಕಿಯು ಕೆಟ್ಟಿತೇ ಎಂದು ಹಸಿಯ ಅಕ್ಕಿಯನ್ನು ಹಾಕಿ ನೋಡಿದನು. ಪಾಲಿಶ್ ಆದುದಾದರೆ ಅದರಿಂದಲೂ ಬೇನೆ ಬಂದಿತು. ಸಾಬುದಾನಿ, ಮರಗೆಣಸಿನ ಹಿಟ್ಟುಗಳನ್ನೇ ತಿಂದ ಕೋಳಿಗಳೂ ಬಿದ್ದುವು. ಬಿದ್ದ ಕೋಳಿಗೆ ಅಕ್ಕಿಯಿಂದ ಉಜ್ಜಿ ತೆಗೆದ ತವುಡನ್ನೇ ಕೊಟ್ಟರೆ ಅದು ಚೇತರಿಸಿಕೊಂಡು ಎದ್ದಿತು. ಗಿರಣಿಯು ಕಸವೆಂದು ಬೇರ್ಪಡಿಸಿ ದನಗಳಿಗೆ ಮಾರುವ ವಸ್ತುವಿನಲ್ಲಿ ಜೀವವನ್ನು ಕಾಯುವ ಅಂಶವೊಂದಿರುವುದು ಸ್ಪಷ್ಟವಾಯಿತು.

ಕೋಳಿಯಲ್ಲಿ ಕಂಡುದು ಮನುಷ್ಯನಿಗೂ ಅನ್ವಯಿಸುವುದೇ? ಇದನ್ನು ತಿಳಿಯಲು ಐಕ್ಮನ್ನನು ತನ್ನ ಮಿತ್ರನೂ ಜಾವಾದ ಸೆರೆಮನೆಗಳ ವೈದ್ಯಾಧಿಕಾರಿಯೂ ಆಗಿದ್ದ ವೋರ್ಡರ್‌ಮನ್ನನ ಸಹಾಯವನ್ನು ಬೇಡಿದನು. ಆಯಾ ಊರಿನ ರೂಢಿಯಂತೆ ಕೆಲವು ಸೆರೆಮನೆಗಳಲ್ಲಿ ಬಿಳಿಯ ಅಕ್ಕಿ, ಕೆಲವುಗಳಲ್ಲಿ ಕೆಂಪಕ್ಕಿ, ಕೆಲವುಗಳಲ್ಲಿ ಬೆರಕೆ ಬಳಕೆಯಲ್ಲಿದ್ದುವು. ವೋರ್ಡರ್‌ಮನ್ನನು ಸುಮಾರು ನೂರು ಸೆರೆಮನೆಗಳ ಎರಡು ಮುಕ್ಕಾಲು ಲಕ್ಷಕ್ಕೂ ಮಿಕ್ಕ ಕೈದಿಗಳ ಲೆಕ್ಕವನ್ನು ಪರೀಕ್ಷಿಸಿದನು. ಕಟ್ಟಡದ ಹಳಮೆ, ಗಾಳಿಯ ಸಂಚಾರ, ಜನದಟ್ಟಣೆ ಇವುಗಳನ್ನೂ ಗಣನೆಗೆ ತಂದನು; ಅವುಗಳಿಂದ ವ್ಯತ್ಯಾಸವು ಕಾಣಲಿಲ್ಲ. ಅಕ್ಕಿಯಿಂದ ಕಂಡಿತು. ಕೆಂಪಕ್ಕಿಯನ್ನು ಉಂಡವರಲ್ಲಿ ಬೆರಿಬೆರಿಯು ಸುಮಾರು ಹತ್ತು ಸಾವಿರಕ್ಕೆ ಒಬ್ಬನಿಗೆ. ಬೆರಕೆಯನ್ನು ಉಂಡವರಲ್ಲಿ ಸುಮಾರು ನಾನೂರಕ್ಕೆ ಒಬ್ಬನಿಗೆ. ಬಿಳಿಯ ಅಕ್ಕಿಯನ್ನು ಉಂಡವರಲ್ಲಿ ಸುಮಾರು ನಲವತ್ತಕ್ಕೆ ಒಬ್ಬನಿಗೆ. ಗುಮಾಸ್ತರಾಗಿ ಲೆಕ್ಕ ಬರೆಯುವ ನಮ್ಮ ವಾಚಕರು ಈ ಮೂರು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಲಿ. ಸರಿಯಾಗಿ ಇಟ್ಟ ಲೆಕ್ಕದ ಪುಸ್ತಕವು ಎಷ್ಟು ಪ್ರಾಣಗಳನ್ನು ಉಳಿಸಬಲ್ಲುದೆಂಬುದು ಮನವರಿಕೆಯಾಗುವುದು.

ಅರ್ಧಸತ್ಯದಿಂದ ಪೂರ್ಣಸತ್ಯಕ್ಕೆ

ಐಕ್ಮನ್ನನು ಸಂಗತಿಯನ್ನು ಸರಿಯಾಗಿ ಕಂಡನು. ಆದರೆ ಅದಕ್ಕೆ ಕೊಟ್ಟ ವಿವರಣೆಯು ಮೊದಲು ಸರಿಯಾಗಿರಲಿಲ್ಲ. ಅನ್ನದ ಪಿಷ್ಟದಿಂದ ಹೊಟ್ಟೆಯಲ್ಲಿ ವಿಷವೊಂದು ಹುಟ್ಟುವುದೆಂದೂ, ತವುಡಿನಲ್ಲಿ ಅದನ್ನು ಮುರಿಯುವ ಮದ್ದಿರುವುದೆಂದೂ ಆತನು ತರ್ಕಿಸಿದನು. ರೋಗವೆಂದರೆ ಹೊರಗಿನಿಂದ ಏನೋ ಒಳಹೊಕ್ಕಿರಬೇಕು ಎಂಬ ಆ ಕಾಲದ ನಂಬಿಕೆಯು ಅಷ್ಟು ಬಲವಾಗಿದ್ದಿತು. ೧೮೯೬ರಲ್ಲಿ ಆರೋಗ್ಯವು ಮತ್ತೆ ಕೆಟ್ಟು ಸ್ವದೇಶಕ್ಕೆ ಮರಳಿದಾಗ ಆತನ ಕೆಲಸವನ್ನು ಗೆರಿಟ್ ಗ್ರೈನ್ಸ್ ಎಂಬ ಕಿರಿಯ ವೈದ್ಯನು ಮುಂದುವರಿಸಿದನು. ಪಾಲಿಶ್ ಅಕ್ಕಿಯ ಜೊತೆಗೆ ಹೆಸರುಕಾಳನ್ನು ಕೊಟ್ಟರೂ ಕೋಳಿಗಳು ಬೀಳುವುದಿಲ್ಲವೆಂದು ಗ್ರೈನ್ಸನು ಕಂಡನು. ವಿಷವೂ ಇಲ್ಲ, ಕ್ರಿಮಿಯೂ ಇಲ್ಲ. ನರಗಳಿಗೆ ಅವಶ್ಯವಾದ ಯಾವುದೋ ಒಂದು ಅಂಶವು ಆಹಾರದಲ್ಲಿ ಇಲ್ಲದಿರುವುದೇ ರೋಗದ ಕಾರಣವೆಂದು ೧೯೦೧ರಲ್ಲಿ ಆತನು ಸಾರಿದನು. ಇರುವುದರಿಂದಲ್ಲ, ಇಲ್ಲದಿರುವುದರಿಂದಲೂ ರೋಗ ಬರುವುದೆಂಬ ಮಾತು ವೈದ್ಯಶಾಸ್ತ್ರಕ್ಕೆ ಹೊಸದಾಗಿದ್ದಿತು. ಕಿರಿಯನು ತನ್ನನ್ನು ತಿದ್ದಿದನೆಂದು ಐಕ್ಮನ್ನನು ಮುನಿಯಲಿಲ್ಲ. ಪ್ರಮಾಣಗಳು ಬಲವಾದಂತೆ ತಾನೂ ಆ ಅಭಿಪ್ರಾಯಕ್ಕೆ ಒಲಿದನು. ಈ ಗುಣವನ್ನು ಆತನ ಶೋಧಕ್ಕಿಂತ ಕಡಮೆಯದೆಂದು ನಾವು ಎಣಿಸಲಾರೆವು.

೧೮೯೮ರಲ್ಲಿ ಐಕ್ಮನ್ನನು ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾಗಿ ಮೂವತ್ತು ವರ್ಷ ಆ ಪೀಠದಲ್ಲಿದ್ದನು. ಕುಡಿಯುವ ನೀರಿನಲ್ಲಿ ಮಲದ ಸಂಪರ್ಕವಾಗಿದೆಯೇ ಎಂದು ತಿಳಿಯಲು ಆತನು ರೂಪಿಸಿದ ಪರೀಕ್ಷೆಯು ಆತನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕ್ಷಯದ ನಿವಾರಣೆ, ಬಡವರ ವಸತಿ, ಶಾಲಾಮಕ್ಕಳ ಆರೋಗ್ಯ, ಕುಡಿತದ ಕೇಡು ಇವುಗಳಿಗಾಗಿಯೂ ಆತನು ಶ್ರಮಿಸಿದನು.

ಇತ್ತ ಪೂರ್ವದೇಶದಲ್ಲಿ ಸಾಕ್ಷ್ಯಗಳು ಕೂಡುತ್ತ ಹೋದುವು. ಮಲಯದಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಗಳು ಬಿಳಿಯ ಅಕ್ಕಿಯನ್ನು ಉಂಡು ಬೆರಿಬೆರಿಗೆ ತುತ್ತಾಗುತ್ತಿದ್ದರು. ಅವರ ನೆರೆಯಲ್ಲೇ ಕುಚ್ಚಲಕ್ಕಿಯನ್ನು ಉಣ್ಣುತ್ತಿದ್ದ ತಮಿಳು ಕೂಲಿಗಳಿಗೆ ರೋಗವು ಹತ್ತಿರ ಸುಳಿಯುತ್ತಿರಲಿಲ್ಲ. ಫ್ರೇಸರ್ ಮತ್ತು ಸ್ಟಾಂಟನ್ ಎಂಬ ವೈದ್ಯರು ೧೯೦೭ರಿಂದ ರಸ್ತೆ ಕೆಲಸದ ಸುಮಾರು ಮುನ್ನೂರು ಕೂಲಿಗಳಲ್ಲಿ ಪರೀಕ್ಷಿಸಿ ಇದನ್ನು ಸ್ಥಿರಪಡಿಸಿದರು. ೧೯೧೨ರಲ್ಲಿ ಫಂಕ್ ಎಂಬ ವಿಜ್ಞಾನಿಯು ಇಂತಹ ಅಂಶಗಳಿಗೆ ವಿಟಮಿನ್ ಎಂಬ ಹೆಸರನ್ನು ಕೊಟ್ಟನು. ನಾವು ಜೀವಸತ್ವವೆಂದು ಕರೆಯುವುದು ಅದನ್ನೇ. ೧೯೨೬ರಲ್ಲಿ 'ಯಾನ್ಸನ್' ಮತ್ತು 'ಡೊನಾತ್' ಎಂಬವರು ಐಕ್ಮನ್ನನ ಹಳೆಯ ಪ್ರಯೋಗಶಾಲೆಯಲ್ಲಿಯೇ ನೂರಾರು ಕಿಲೋ ತವುಡನ್ನು ಸೋಸಿ ಚಿಟಿಕೆಯಷ್ಟು ಹರಳನ್ನು ಪಡೆದರು. ಬಿ೧ ಜೀವಸತ್ವವೆಂಬ ಆ ಹರಳನ್ನು ೧೯೩೬ರಲ್ಲಿ ರಸಾಯನ ವಿಧಾನದಿಂದ ತಯಾರಿಸಿದ ರಾಬರ್ಟ್ ವಿಲಿಯಮ್ಸನು ಹುಟ್ಟಿದ ಊರು ನಮ್ಮ ಆಂಧ್ರದ ನೆಲ್ಲೂರು.

೧೯೨೯ರಲ್ಲಿ ಐಕ್ಮನ್ನನಿಗೂ ಇಂಗ್ಲೆಂಡಿನ ಹಾಪ್ಕಿನ್ಸನಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಕೂಡಿಯೇ ದೊರೆಯಿತು. ಅನಾರೋಗ್ಯದಿಂದ ಐಕ್ಮನ್ನನು ಅದನ್ನು ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೋಗಲಾರದೆ ಹೋದನು. ೧೯೩೦ರ ನವೆಂಬರ್ ೫ರಂದು ಉಟ್ರೆಕ್ಟಿನಲ್ಲಿ ಕಾಲವಾದನು. ಎಂಟು ವರ್ಷಗಳ ಬಳಿಕ, ೧೯೩೮ರಲ್ಲಿ, ಬಟೇವಿಯದ ಆ ಪ್ರಯೋಗಶಾಲೆಗೆ ಆತನ ಹೆಸರನ್ನು ಇಡಲಾಯಿತು.

ನಮ್ಮ ಅನ್ನಕ್ಕೂ ಈ ಚರಿತ್ರೆಗೂ

ಉಡುಪಿ, ಮಂಗಳೂರು, ಕಾಸರಗೋಡುಗಳ ಕಡೆಯಿಂದ ಬಂದ ನಮ್ಮವರಿಗೆ ಕುಚ್ಚಲಕ್ಕಿಯ ಗಂಜಿಯು ಹುಟ್ಟಿನಿಂದ ಬಂದುದು. ಕೇರಳದಲ್ಲಿಯೂ ಪಾಲಕ್ಕಾಡಿನ ಕೆಂಪು ಮಟ್ಟ ಅಕ್ಕಿಯ ಅನ್ನವೇ ಜನಕ್ಕೆ ಪ್ರಿಯ. ಭತ್ತವನ್ನು ನೆನೆಸಿ, ಉಮಿಯಿರುವಾಗಲೇ ಬೇಯಿಸಿ, ಒಣಗಿಸಿ ಬಳಿಕ ಅಕ್ಕಿ ಮಾಡುವುದು ಕುಚ್ಚಲಿನ ಕ್ರಮ. ಹಾಗೆ ಬೇಯುವಾಗ ತವುಡಿನಲ್ಲಿರುವ ಬಿ೧ ಜೀವಸತ್ವವು ಕಾಳಿನ ಒಳಕ್ಕೆ ಇಳಿಯುವುದು. ಆಮೇಲೆ ಗಿರಣಿಯಲ್ಲಿ ಪಾಲಿಶ್ ಮಾಡಿದರೂ ಅದರ ಬಹುಭಾಗವು ಉಳಿಯುವುದು. ಶಾಸ್ತ್ರವನ್ನು ಓದದ ನಮ್ಮ ಹಿರಿಯರು ರೂಢಿಯಿಂದಲೇ ಈ ರಕ್ಷೆಯನ್ನು ಪಡೆದಿದ್ದರು. ಬೆಳ್ತಿಗೆಯ ಪಾಲಿಶ್ ಅಕ್ಕಿಯನ್ನೇ ನಂಬಿದ್ದ ಆಂಧ್ರದ ಉತ್ತರ ಕರಾವಳಿಯಲ್ಲಿ ಬೆರಿಬೆರಿಯು ಬಹುಕಾಲ ಜನರನ್ನು ಕಾಡಿತು. ನೀಲಗಿರಿಯ ಕೂನೂರಿನಲ್ಲಿ ಮೆಕ್‌ಕಾರಿಸನ್ನನೂ ಆತನ ತರುವಾಯ ಬಂದ ಐಕ್‌ರಾಯ್ಡನೂ ಅಕ್ಕಿಯ ಗುಣದೋಷಗಳನ್ನು ಶೋಧಿಸಿ ಈ ಭೇದವನ್ನು ವಿವರಿಸಿದರು.

ಹಿಂದಿನ ಕಾಲದ ಆ ಘೋರ ಬೆರಿಬೆರಿಯು ಇಂದು ವಿರಳ. ಆದರೂ ಊರು ಬಿಟ್ಟು ಬಂದು, ನಾಲ್ವರು ಸೇರಿ ಕೋಣೆ ಹಿಡಿದು, ರಾತ್ರಿ ಬಿಳಿಯ ಅನ್ನಕ್ಕೆ ತಿಳಿಸಾರು ಕಲಸಿ ಉಂಡು ಮಲಗುವ ತರುಣರು ಈ ಚರಿತ್ರೆಯಿಂದ ಕಲಿಯಬೇಕಾದುದಿದೆ. ಅಕ್ಕಿಯನ್ನು ಐದಾರು ಸಲ ಉಜ್ಜಿ ತೊಳೆದರೆ ಸತ್ವವು ಕಲಗಚ್ಚಿಗೆ ಸೇರುವುದು. ಹೆಚ್ಚು ನೀರಿಟ್ಟು ಗಂಜಿಯನ್ನು ಬಸಿದು ಚೆಲ್ಲಿದರೆ ಉಳಿದ ಸತ್ವದಲ್ಲಿಯೂ ಪಾಲು ಹೋಗುವುದು. ಕುಚ್ಚಲಕ್ಕಿ, ಹೆಸರುಕಾಳು, ತೊಗರಿಬೇಳೆ, ಕಡಲೆಕಾಯಿ ಇವು ದುಬಾರಿಯ ಪದಾರ್ಥಗಳಲ್ಲ. ಗ್ರೈನ್ಸನ ಕೋಳಿಗಳನ್ನು ಉಳಿಸಿದ ಹೆಸರುಕಾಳು ಪ್ರತಿಯೊಂದು ಹೋಟೆಲಿನ ಉಗ್ರಾಣದಲ್ಲಿಯೂ ಇದೆ.

ಇನ್ನು ಕೋಳಿಗಳ ಮಾತು. ಇಂದಿನ ದೊಡ್ಡ ಕೋಳಿಸಾಕಣೆಗಳಲ್ಲಿ ಮೇವಿನೊಡನೆ ಜೀವಸತ್ವಗಳನ್ನು ಬೆರೆಸಿಯೇ ಕೊಡುವುದು ವಾಡಿಕೆ. ಅದಕ್ಕೆ ತಳಹದಿ ಹಾಕಿದವರಲ್ಲಿ ಐಕ್ಮನ್ನನು ಮೊದಲಿಗ. ಆದರೂ ಕೋಳಿಯೊಂದು ಕಾಲು ಸೋತು ಬಿದ್ದರೆ ಕಾರಣವು ಇಂಥದೇ ಎಂದು ನೋಡಿದೊಡನೆ ಹೇಳುವಂತಿಲ್ಲ. ೧೯೨೬ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿಯೂ ಕಂಡುಬಂದು, ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟಗಳ ಊರೊಂದರ ಹೆಸರನ್ನು ಪಡೆದ ರಾಣಿಖೇತ್ ರೋಗದಲ್ಲಿಯೂ ಕಾಲುಗಳು ಸೋಲುವುವು. ಹಂಗೆರಿಯ ಮಾರೆಕ್ ಎಂಬ ಪಂಡಿತನು ೧೯೦೭ರಲ್ಲಿ ವರ್ಣಿಸಿದ ರೋಗದಲ್ಲಿ ಒಂದು ಕಾಲು ಮುಂದಕ್ಕೂ ಒಂದು ಹಿಂದಕ್ಕೂ ಚಾಚಿ ಬೀಳುವುವು. ಇವೆರಡೂ ಅತಿಸೂಕ್ಷ್ಮವಾದ ವೈರಸ್ಸಿನಿಂದ ಬರುವ ಅಂಟುಬೇನೆಗಳು. ಬಿ೧ ಜೀವಸತ್ವದ ಕೊರತೆಯಾದರೆ ಕತ್ತನ್ನು ಬೆನ್ನಿಗೆ ಮಣಿಸಿ ಆಕಾಶವನ್ನು ನೋಡುವಂತೆ ಕುಳಿತುಬಿಡುವುವು. ಕರುಳುಬೇನೆಗೆಂದು ಕೊಡುವ ಆಂಪ್ರೋಲಿಯಂ ಎಂಬ ಮದ್ದು ಅಳತೆ ಮೀರಿದರೂ ಅದೇ ಕೊರತೆಯು ತಲೆದೋರಬಹುದು. ಒಂದಕ್ಕೆ ಲಸಿಕೆಯೇ ರಕ್ಷೆ. ಇನ್ನೊಂದಕ್ಕೆ ಮೇವಿನ ತಿದ್ದುಪಡಿಯೇ ಔಷಧ. ಕಾರಣವನ್ನು ತಪ್ಪಾಗಿ ತಿಳಿದು ಮದ್ದು ಮಾಡಿದರೆ ಹಿಂಡೂ ಹೋಗುವುದು, ಹಣವೂ ಹೋಗುವುದು. ಆದುದರಿಂದಲೇ ಬಲ್ಲ ಪಶುವೈದ್ಯನು ಸತ್ತ ಕೋಳಿಯನ್ನು ಕೊಯ್ದು ನೋಡುವುದರ ಜೊತೆಗೆ ಮೇವು ಯಾವಾಗ ಬದಲಾಯಿತು, ಯಾರು ತಂದರು, ಏನನ್ನು ಬೆರೆಸಿದರು, ಏನನ್ನು ಬಿಟ್ಟರು ಎಂದು ಆಳುಗಳನ್ನೂ ವಿಚಾರಿಸುವನು.

ರೋಗವು ಕಂಡಾಗ ಹೊರಗಿನಿಂದ ಬಂದುದೇನೆಂದು ಕೇಳುವಂತೆಯೇ ಒಳಗೆ ಇಲ್ಲವಾದುದೇನೆಂದೂ ಕೇಳಬೇಕೆಂಬುದು ಐಕ್ಮನ್ನನ ಕೋಳಿಗಳು ಲೋಕಕ್ಕೆ ಕಲಿಸಿದ ಪಾಠ. ಆ ಪಾಠದ ಮೊದಲ ಪುಟವನ್ನು ತೆರೆದವನು ಹೆಸರಿಲ್ಲದ ಒಬ್ಬ ಅಡಿಗೆಯವನೆಂಬುದನ್ನು ಅಡಿಗೆಮನೆಗಳಲ್ಲಿ ಬೆವರು ಸುರಿಸುವ ನಮ್ಮ ಬಂಧುಗಳು ನೆನಪಿನಲ್ಲಿಟ್ಟುಕೊಳ್ಳಲೆಂದು ಹಾರೈಸಿ ಈ ಚರಿತ್ರೆಯನ್ನು ಮುಗಿಸುತ್ತೇವೆ.